ಅಂಗಡಿ ನಂಬರ್ 64: ರಿಯೊದಲ್ಲಿ ಐದು ದಿನ

ಮೊದಲ ದಿನ, ಮಂಗಳವಾರ

ಸಾವೊ ಪಾಲೊದಿಂದ ರಿಯೊ ಡಿ ಜನೈರೊಗೆ ವಿಮಾನದಲ್ಲಿ ಒಂದು ಗಂಟೆ, ಬಸ್ಸಿನಲ್ಲಿ ಆರು ಗಂಟೆ. ನಾನು ಬಸ್ಸು ಹತ್ತಿದೆ. ಆಫೀಸಿನ ಕೆಲಸ ಸೋಮವಾರವೇ ಮುಗಿದಿತ್ತು. ಐದು ದಿನ ರಜೆ ಹಾಕಿದ್ದೆ. ಅವಸರ ಏನಿತ್ತು? ಕೊನೆಯಲ್ಲಿ ಒಂದು ಘಟ್ಟ ಇಳಿಯಬೇಕು. ತಿರುವುಗಳಲ್ಲಿ ಲಾರಿಗಳ ಸಾಲು, ಪಕ್ಕದಲ್ಲಿ ದಟ್ಟ ಹಸಿರು. ಥೇಟ್ ನಮ್ಮ ಅರೆಬೈಲ್ ಘಟ್ಟ.

ಈ ಪ್ರವಾಸಕ್ಕೆ ಕಾರಣ ಅಪ್ಪ. ಅಂಕೋಲೆಯಲ್ಲಿ ನಮ್ಮದೊಂದು ಪುಟ್ಟ ಪ್ರೆಸ್ಸಿತ್ತು. ಒಂದು ಟ್ರೆಡಲ್ ಮಷಿನ್, ನಾಲ್ಕು ಕೇಸು ಮೊಳೆ, ಕೈಗೆ ಹತ್ತಿದರೆ ಹೋಗದ ಮಸಿ. ಮೊಳೆ ಅಂದರೆ ಒಂದೊಂದು ಅಕ್ಷರದ ಸೀಸದ ಅಚ್ಚು, ಕೇಸು ಅಂದರೆ ಅವನ್ನು ಇಡುವ ಮನೆಮನೆಯ ಪೆಟ್ಟಿಗೆ. ಲಗ್ನಪತ್ರಿಕೆ, ಸೊಸೈಟಿಯ ರಸೀದಿ ಪುಸ್ತಕ, ಯಕ್ಷಗಾನದ ಹ್ಯಾಂಡ್‌ಬಿಲ್ಲು, ಇವೇ ಕೆಲಸ. ಮುಂದಿನ ಕೋಣೆಯಲ್ಲಿ ಪಟ್ಟಿ ಪುಸ್ತಕ, ಪೆನ್ನು, ಚಾಪುಡಿ ಮಾರುತ್ತಿದ್ದರು. ಕಂಪ್ಯೂಟರ್ ಬಂದ ಮೇಲೆ ಮೊಳೆಗಳನ್ನು ಗುಜರಿಗೆ ತೂಕಕ್ಕೆ ಹಾಕಿದರು. ಆ ದಿನ ಅಪ್ಪ ಮಧ್ಯಾಹ್ನ ಊಟ ಮಾಡಲಿಲ್ಲ ಅಂತ ಅಮ್ಮ ಈಗಲೂ ಹೇಳುತ್ತಾಳೆ.

ಬ್ರೆಜಿಲ್‌ನ ದೊಡ್ಡ ಲೇಖಕ ಮಷಾದೊ ದೆ ಅಸೀಸ್ ಬಗ್ಗೆ ಓದುವಾಗ ಒಂದು ಮಾತು ಸಿಕ್ಕಿತ್ತು. ಆತ ಚಿಕ್ಕ ವಯಸ್ಸಿನಲ್ಲಿ ಒಂದು ಅಂಗಡಿಯಲ್ಲಿ ಪ್ರೂಫ್ ತಿದ್ದುತ್ತಿದ್ದನಂತೆ. ಅಂಗಡಿಯ ಯಜಮಾನರು ಆಫ್ರಿಕನ್ ಮೂಲದವರು, ಹೆಸರು ಫ್ರಾನ್ಸಿಸ್ಕೊ ದೆ ಪೌಲಾ ಬ್ರಿಟೊ. ಮುದ್ರಣ, ಪುಸ್ತಕ, ಬೈಂಡಿಂಗ್, ಜೊತೆಗೆ ಚಹಾ. ಇದನ್ನು ಫೋನಿನಲ್ಲಿ ಅಪ್ಪನಿಗೆ ಹೇಳಿದಾಗ ಮಷಾದೊ ಕಡೆ ಅವರು ತಿರುಗಿಯೂ ನೋಡಲಿಲ್ಲ. "ಚಾಪುಡಿ ಮಾರ್ತಿದ್ನಾ? ಹಂಗಾದ್ರೆ ಖರೇ ಪ್ರೆಸ್ಸಿನವ. ಬರೀ ಅಚ್ಚು ಹಾಕಿ ಯಾರ ಹೊಟ್ಟೆ ತುಂಬೂದಿಲ್ಲ ತಂಗೀ" ಅಂದರು. ಆಮೇಲೆ ಕೇಳಿದರು: "ಅವನ ಅಂಗಡಿಲಿ ಕೂತ್ಕಳ್ಳೂಕೆ ಬೆಂಚು ಇತ್ತಾ?"

ಆ ಬೆಂಚಿನ ಪ್ರಶ್ನೆ ತಲೆಯಲ್ಲಿ ಕೂತುಬಿಟ್ಟಿತು. ರಾತ್ರಿ ಎಂಟಕ್ಕೆ ರಿಯೊ ತಲುಪಿದೆ. ಚೀಸ್ ಹಾಕಿದ ಬಿಸಿ ಬಿಸಿ ಪುಟ್ಟ ಬನ್ನು ನಾಲ್ಕು ತಿಂದು ಮಲಗಿದೆ. ಅದಕ್ಕೆ ಹಾಕುವುದು ಮರಗೆಣಸಿನ ಹಿಟ್ಟು.

ಎರಡನೇ ದಿನ, ಬುಧವಾರ

ರಿಯೊಗೆ ಬಂದವರು ಮೊದಲು ಸಮುದ್ರ ದಂಡೆಗೆ ಹೋಗುತ್ತಾರೆ, ಇಲ್ಲಾ ಗುಡ್ಡದ ಮೇಲಿನ ಕ್ರಿಸ್ತನ ಹತ್ತಿರ. ನಾನು ಸಮುದ್ರ ನೋಡುತ್ತಲೇ ಬೆಳೆದವಳು. ಬೆಳಿಗ್ಗೆ ಒಂಬತ್ತಕ್ಕೆ ಹಳೇ ಪೇಟೆಯ ತಿರಾದೆಂತೆಸ್ ಚೌಕದಲ್ಲಿದ್ದೆ. ಜುಲೈ ಅಂದರೆ ಅಲ್ಲಿ ಚಳಿಗಾಲ. ಚಳಿ ಅಂದರೂ ನಮ್ಮ ಡಿಸೆಂಬರ್ ಮುಂಜಾವಿನಷ್ಟೇ. ಸ್ಥಳೀಯರು ಮಾತ್ರ ಜಾಕೆಟ್ ಹಾಕಿಕೊಂಡು ಓಡಾಡುತ್ತಿದ್ದರು.

ನನ್ನ ಕೈಯಲ್ಲಿದ್ದ ಸುಳಿವು ಒಂದೇ ಸಾಲು. ಹ್ಯಾಂಡ್‌ಬಿಲ್ಲಿನ ಕೆಳಗೆ ಸಣ್ಣ ಅಕ್ಷರದಲ್ಲಿ ಪ್ರೆಸ್ಸಿನ ಹೆಸರು, ಊರು ಇರುತ್ತದೆ, ಅಲ್ವಾ? ನಮ್ಮಲ್ಲಿ 1867ರ ಕಾಯ್ದೆ ಅದನ್ನು ಕಡ್ಡಾಯ ಮಾಡಿತ್ತು. ಅಪ್ಪ ಅದನ್ನು ಒಮ್ಮೆಯೂ ಬಿಟ್ಟವರಲ್ಲ. ಬ್ರೆಜಿಲ್‌ನಲ್ಲೂ 1830ರ ದಂಡ ಸಂಹಿತೆಯ ಪ್ರಕಾರ, ಬರಹಕ್ಕೆ ಹೊಣೆಗಾರರು ಯಾರು ಅಂತ ತೋರಿಸದಿದ್ದರೆ ಮೊದಲು ಸಿಕ್ಕಿಬೀಳುವವ ಮುದ್ರಕ. ಪೌಲಾ ಬ್ರಿಟೊ ಅಚ್ಚು ಹಾಕಿದ ಎಷ್ಟೋ ಪುಸ್ತಕಗಳ ಕೆಳಗೆ ಆ ಸಾಲಿದೆ: ಪೌಲಾ ಬ್ರಿಟೊ ಮುದ್ರಣಾಲಯ, ಸಂವಿಧಾನ ಚೌಕ, ನಂಬರ್ 64. ಆಗಿನ ಸಂವಿಧಾನ ಚೌಕವೇ ಈಗಿನ ತಿರಾದೆಂತೆಸ್ ಚೌಕ.

ಚೌಕದ ನಡುವೆ ಕುದುರೆ ಮೇಲೆ ಕೂತ ಒಂದನೇ ಪೆದ್ರೊ ಚಕ್ರವರ್ತಿ. ಕಂಚಿನ ಪ್ರತಿಮೆ, 1862ರ ಮಾರ್ಚ್‌ನಲ್ಲಿ ನಿಲ್ಲಿಸಿದ್ದು. ಕೆಳಗೆ ನಾಲ್ಕು ದಿಕ್ಕಿಗೆ ನಾಲ್ಕು ನದಿಗಳು: ಅಮೆಜಾನ್, ಪರಾನಾ, ಮದೇರಾ, ಸಾವೊ ಫ್ರಾನ್ಸಿಸ್ಕೊ. ನದಿಗಳೆಂದರೆ ಮೂಲನಿವಾಸಿಗಳ ಮೂರ್ತಿಗಳು, ಅವರ ಸುತ್ತ ಕಾಡುಪ್ರಾಣಿಗಳು. ಒಂದು ಪ್ರಾಣಿಯ ಬೆನ್ನಿನ ಮೇಲೆ ಪಾರಿವಾಳ ಕೂತು ನಿದ್ದೆ ಮಾಡುತ್ತಿತ್ತು. ತಮಾಷೆ ಏನೆಂದರೆ, ಪೋರ್ಚುಗೀಸರ ಆಳ್ವಿಕೆಯ ವಿರುದ್ಧ ನಿಂತ ತಿರಾದೆಂತೆಸ್ ಎಂಬ ಬಂಡಾಯಗಾರನನ್ನು 1792ರಲ್ಲಿ ಇಲ್ಲೇ ಹತ್ತಿರದಲ್ಲಿ ಗಲ್ಲಿಗೇರಿಸಿದರು. ಗಲ್ಲಿಗೇರಿಸಿದ್ದು ಇದೇ ಪೆದ್ರೊನ ಅಜ್ಜಿ ಮರಿಯಾ ರಾಣಿಯ ಕಾಲದಲ್ಲಿ. ಈಗ ಚೌಕಕ್ಕೆ ಸತ್ತವನ ಹೆಸರು, ನಡುವೆ ಮೊಮ್ಮಗನ ಕುದುರೆ.

ನಂಬರ್ 64 ಹುಡುಕುತ್ತಾ ಎರಡು ಸುತ್ತು ಹಾಕಿದೆ. ಹೋಟೆಲು, ಬಟ್ಟೆ ಅಂಗಡಿ, ಬೀಗ ಹಾಕಿದ ಹಳೇ ಬಾಲ್ಕನಿ ಮನೆಗಳು. ಅಂದಿನ ನಂಬರಿಗೂ ಇಂದಿನ ನಂಬರಿಗೂ ತಾಳೆಯಿಲ್ಲ. ಒಂದು ಅಂಗಡಿಯ ಕಟ್ಟೆ ಒರೆಸುತ್ತಿದ್ದ ಹೆಂಗಸನ್ನು ಫೋನಿನ ಅನುವಾದದ ಸಹಾಯದಿಂದ ಕೇಳಿದೆ. "ಪೌಲಾ ಬ್ರಿಟೊ? ಇಲ್ಲಿ ಆ ಹೆಸರಿನ ಬಾಡಿಗೆದಾರರಿಲ್ಲ" ಅಂದಳು. ಒಂದು ಫಲಕ ಸಿಕ್ಕೀತು ಅಂತ ಮೂರನೇ ಸುತ್ತೂ ಹಾಕಿದೆ. ನನ್ನ ಕಣ್ಣಿಗಂತೂ ಬೀಳಲಿಲ್ಲ.

ಪಕ್ಕದ ಹೋಟೆಲಿನಲ್ಲಿ ಹಣ್ಣಿನ ರಸದ ಪಟ್ಟಿ ನೋಡಿದೆ. 'ಕಾಜು' ಅಂತಿತ್ತು. ಗೇರುಹಣ್ಣಿನ ರಸ! ಗೇರು ನಮ್ಮ ಕರಾವಳಿಗೆ ಬಂದಿದ್ದೇ ಬ್ರೆಜಿಲ್‌ನಿಂದ, ಪೋರ್ಚುಗೀಸರ ಹಡಗಿನಲ್ಲಿ. ನಾವು ಬೀಜ ಇಟ್ಟುಕೊಂಡು ಹಣ್ಣು ಎಸೆದೆವು, ಇವರು ಹಣ್ಣು ಕುಡಿಯುತ್ತಾರೆ. ಗಂಟಲು ಕೆರೆಯುವ ಆ ಒಗರು ಹಾಗೇ ಇತ್ತು. ಸಕ್ಕರೆ ಮಾತ್ರ ಜಾಸ್ತಿ. ಆ ಗ್ಲಾಸು ಹಿಡಿದು ಕುದುರೆಯ ಎದುರು ಕೂತು ಪೌಲಾ ಬ್ರಿಟೊ ಕತೆಯನ್ನು ಮೊದಲಿಂದ ಜೋಡಿಸಿಕೊಂಡೆ.

ಪೋರ್ಚುಗೀಸರು ನಮ್ಮ ಪಕ್ಕದ ಗೋವಾಕ್ಕೆ 1556ರಲ್ಲೇ ಅಚ್ಚಿನ ಯಂತ್ರ ತಂದರು. ಆದರೆ ಬ್ರೆಜಿಲ್‌ಗೆ ತರಲಿಲ್ಲ. ತರಲಿಲ್ಲ ಅನ್ನುವುದಕ್ಕಿಂತ ಬಿಡಲಿಲ್ಲ. 1747ರಲ್ಲಿ ಒಬ್ಬ ಮುದ್ರಕ ರಿಯೊದಲ್ಲಿ ಪ್ರೆಸ್ಸು ಹಾಕಿದಾಗ ಲಿಸ್ಬನ್‌ನಿಂದ ಅಪ್ಪಣೆ ಬಂತು, ಬಾಗಿಲು ಮುಚ್ಚಿಸಿದರು. ನೆಪೋಲಿಯನ್‌ಗೆ ಹೆದರಿ ರಾಜಮನೆತನವೇ ಹಡಗು ಹತ್ತಿ ರಿಯೊಗೆ ಓಡಿ ಬಂದ ಮೇಲೆ, 1808ರ ಮೇ 13ರಂದು ರಾಜಮುದ್ರಣಾಲಯ ಶುರುವಾಯಿತು. ಗೋವಾಕ್ಕೂ ರಿಯೊಗೂ 252 ವರ್ಷದ ಅಂತರ. ಮಾಲೀಕ ಮಾತ್ರ ಒಬ್ಬನೇ.

ಅದರ ಮರುವರ್ಷ, 1809ರ ಡಿಸೆಂಬರ್ 2ರಂದು, ಈ ಚೌಕದ ಪಕ್ಕದ ಬೀದಿಯಲ್ಲಿ ಪೌಲಾ ಬ್ರಿಟೊ ಹುಟ್ಟಿದರು. ಬೀದಿಯ ಆಗಿನ ಹೆಸರು ಪಿಯೋಲ್ಯು ಬೀದಿ, ಅಂದರೆ ಹೇನಿನ ಬೀದಿ. ಈಗ ಮರ್ಯಾದೆಯಿಂದ ಕರಿಯೋಕಾ ಬೀದಿ. ತಂದೆ ಬಡಗಿ. ಬಾಲ್ಯ ಮಜೆ ಎಂಬ ಸಣ್ಣ ಊರಿನಲ್ಲಿ. ಓದು ಬರಹ ಕಲಿಸಿದ್ದು ಶಾಲೆಯಲ್ಲ, ಅಕ್ಕ. ಹದಿಹರೆಯದಲ್ಲಿ ಅಜ್ಜನ ಜೊತೆ ರಿಯೊಗೆ ಮರಳಿ ಬಂದು, ಅದೇ ಸರ್ಕಾರಿ ಮುದ್ರಣಾಲಯದಲ್ಲಿ ಮೊಳೆ ಜೋಡಿಸುವುದು ಕಲಿತರು. ಆಮೇಲೆ ಪ್ಲಾನ್ಶೆ ಎಂಬ ಫ್ರೆಂಚ್ ಮುದ್ರಕನ ಹತ್ತಿರ ಕೆಲಸ. ಆತ 1827ರಲ್ಲಿ ಶುರು ಮಾಡಿದ 'ಜೊರ್ನಾಲ್ ದೊ ಕೊಮೆರ್ಸಿಯೊ' ಮುಂದೆ ದೇಶದ ದೊಡ್ಡ ಪತ್ರಿಕೆಯಾಯಿತು.

1831ರಲ್ಲಿ ಈ ಚೌಕದಲ್ಲಿ ನೆಂಟರೊಬ್ಬರ ಪುಟ್ಟ ಅಂಗಡಿ ಕೊಂಡರು. ಕಾಗದ, ಬೈಂಡಿಂಗ್, ಚಹಾ. ಅದಕ್ಕೆ ಪ್ರೆಸ್ಸು ಸೇರಿತು. ವಯಸ್ಸು 22 ತುಂಬಿರಲಿಲ್ಲ. ಎರಡು ವರ್ಷದ ಮೇಲೆ ರುಫೀನಾ ಜೊತೆ ಮದುವೆ.

ಎದುರಿಗೆ ನಾಟಕಶಾಲೆ. ಈಗ ಅದೇ ಜಾಗದಲ್ಲಿ ನಟ ಜೊವಾವ್ ಕಯೆತಾನೊ ಹೆಸರಿನ ರಂಗಮಂದಿರವಿದೆ. ಅಂಗಡಿ ಇಡಲು ಇದಕ್ಕಿಂತ ಒಳ್ಳೆ ಜಾಗ ಬೇಕೇ? ನಾಟಕ ಮುಗಿಸಿ ಬಂದವರು ಅಲ್ಲೇ ನಿಲ್ಲುತ್ತಿದ್ದರು. ನಟರು, ಕವಿಗಳು, ರಾಜಕಾರಣಿಗಳು, ಕೆಲಸವಿಲ್ಲದವರು. ಈ ಕಟ್ಟೆಪಂಚಾಯ್ತಿಗೆ ಒಂದು ಸಂಘದ ಹೆಸರೂ ಬಂತು, 'ಪೆತಲೋಜಿಕಾ'. ಪೋರ್ಚುಗೀಸಿನಲ್ಲಿ 'ಪೆತಾ' ಅಂದರೆ ಸುಳ್ಳು. ಅಂದರೆ ಬುರುಡೆಶಾಸ್ತ್ರ ಸಂಘ! ಸುಮ್ನೆ ಕೂತು ಬುರುಡೆ ಬಿಡುವುದೇ ಸದಸ್ಯರ ಕೆಲಸ. ಮಂತ್ರಿಯ ರಾಜೀನಾಮೆಯಿಂದ ಹಿಡಿದು ನರ್ತಕಿಯ ಗಿರಕಿಯವರೆಗೆ ಎಲ್ಲವೂ ಅಲ್ಲಿ ಚರ್ಚೆಯಾಗುತ್ತಿತ್ತು ಅಂತ ಮಷಾದೊ ಮುಂದೆ ನೆನಪಿಸಿಕೊಂಡಿದ್ದಾನೆ.

ರಾತ್ರಿ ಅಪ್ಪನಿಗೆ ಫೋನ್ ಮಾಡಿ ಹೇಳಿದೆ: ಅಂಗಡಿ ಸಿಗಲಿಲ್ಲ, ಆದರೆ ಬೆಂಚು ಇದ್ದೇ ಇತ್ತು.

"ಇರ್ಲೇಬೇಕು. ಪ್ರೂಫ್ ನೋಡೂಕೆ ಬಂದವ್ರು ಎಲ್ಲಿ ಕೂತ್ಕಳ್ತ್ರು?" ಅಂದರು. ನಮ್ಮ ಅಂಗಡಿಯ ಬೆಂಚಿನಲ್ಲಿ ಪ್ರೂಫ್ ನೋಡಲು ಬಂದವರಿಗಿಂತ ಪೇಪರ್ ಓದಲು ಬಂದವರೇ ಜಾಸ್ತಿ ಇದ್ದರು. ಅದನ್ನು ನೆನಪಿಸಲಿಲ್ಲ.

ಮೂರನೇ ದಿನ, ಗುರುವಾರ

ಬೆಳಿಗ್ಗೆ ಟ್ರಾಮಿನಲ್ಲಿ ಬಂದರಿನ ಕಡೆ ಹೊರಟೆ. ಹತ್ತಿದ ಮೇಲೆ ಕಾರ್ಡನ್ನು ಯಂತ್ರಕ್ಕೆ ಮುಟ್ಟಿಸಬೇಕು. ನನಗೆ ಗೊತ್ತಿರಲಿಲ್ಲ. ಎರಡು ಸ್ಟಾಪ್ ಆದ ಮೇಲೆ ಪಕ್ಕದ ಅಜ್ಜ ನನ್ನ ಕೈಯಿಂದ ಕಾರ್ಡು ತೆಗೆದುಕೊಂಡು ತಾನೇ ಮುಟ್ಟಿಸಿ, ವಾಪಸ್ ಕೊಟ್ಟು, ಕಣ್ಣು ಹೊಡೆದ.

ವಲೊಂಗೊ ಕಟ್ಟೆ ನೋಡಲು ದೊಡ್ಡದೇನಲ್ಲ. ರಸ್ತೆಯ ಮಟ್ಟಕ್ಕಿಂತ ಕೆಳಗೆ ಒಂದು ಅಗೆದ ಗುಂಡಿ. ತಳದಲ್ಲಿ ಉರುಟು ಕಲ್ಲುಗಳ ನೆಲಹಾಸು. 1811ರಲ್ಲಿ ಕಟ್ಟಿದ ಈ ಧಕ್ಕೆಯಲ್ಲಿ ಸುಮಾರು 9 ಲಕ್ಷ ಆಫ್ರಿಕನ್ನರನ್ನು ಇಳಿಸಿದರು ಅನ್ನುವುದು ಅಂದಾಜು. 1843ರಲ್ಲಿ ಹೊಸ ಮಹಾರಾಣಿ ಬರುತ್ತಾಳೆ ಅಂತ ಇದರ ಮೇಲೇ ಚೆಂದದ ಕಲ್ಲು ಹಾಸಿ ಮುಚ್ಚಿದರು. ಆಮೇಲೆ ಅದನ್ನೂ ಮಣ್ಣು ಮುಚ್ಚಿತು. 2011ರಲ್ಲಿ ಬಂದರಿನ ಕೆಲಸಕ್ಕೆ ಅಗೆಯುವಾಗ ಮತ್ತೆ ಮೇಲೆ ಬಂತು. 2017ರಿಂದ ವಿಶ್ವ ಪರಂಪರೆಯ ತಾಣ. ಕೆಳಗಿನ ಪದರದ ಕಲ್ಲು ಒರಟು, ಮೇಲಿನ ಪದರದ ಕಲ್ಲು ಕತ್ತರಿಸಿ ನುಣುಪು ಮಾಡಿದ್ದು. ಬರಿಗಣ್ಣಿಗೇ ವ್ಯತ್ಯಾಸ ಕಾಣುತ್ತದೆ.

ಅಲ್ಲಿಂದ ಸ್ವಲ್ಪ ದೂರ ನಡೆದರೆ 'ಹೊಸ ಕರಿಯರ ಸ್ಮಶಾನ'. ಹಡಗಿನಿಂದ ಇಳಿದು, ಮಾರಾಟವಾಗುವ ಮೊದಲೇ ಸತ್ತವರನ್ನು ಹೂಳುತ್ತಿದ್ದ ಜಾಗ. 1996ರಲ್ಲಿ ಒಂದು ಕುಟುಂಬ ಮನೆ ರಿಪೇರಿಗೆ ನೆಲ ಅಗೆದಾಗ ಮೂಳೆಗಳು ಸಿಕ್ಕವು. ಈಗ ಆ ಮನೆಯೇ ಸಂಗ್ರಹಾಲಯ. ಒಳಗೆ ಹತ್ತು ನಿಮಿಷ ಇದ್ದೆ. ಅಷ್ಟೇ ಆಗಿದ್ದು.

ಪೌಲಾ ಬ್ರಿಟೊ ಹುಡುಕಲು ಬಂದು ಇಲ್ಲೇಕೆ ನಿಂತೆ ಅಂದರೆ, ಅವರ ವ್ಯಾಪಾರದ ವರ್ಷಗಳನ್ನು ಈ ಧಕ್ಕೆಯ ಪಕ್ಕದಲ್ಲಿಟ್ಟು ನೋಡಬೇಕು ಅನ್ನಿಸಿತ್ತು. ಅವರು ಅಂಗಡಿ ತೆರೆದ 1831ರಲ್ಲೇ, ನವೆಂಬರ್ 7ರಂದು, ಆಫ್ರಿಕಾದಿಂದ ಗುಲಾಮರನ್ನು ತರಬಾರದು ಅಂತ ಕಾನೂನು ಬಂತು. ಇಂಗ್ಲೆಂಡಿನ ಒತ್ತಡಕ್ಕೆ ಮಾಡಿದ್ದು. ಕಾಗದದ ಮೇಲೆ ಉಳಿಯಿತು, ಹಡಗುಗಳು ಕದ್ದುಮುಚ್ಚಿ ಬರುತ್ತಲೇ ಇದ್ದವು. ತೋರಿಕೆಗೆ ಮಾಡುವ ಕೆಲಸಕ್ಕೆ ಬ್ರೆಜಿಲ್‌ನಲ್ಲಿ ಈಗಲೂ 'ಇಂಗ್ಲಿಷರಿಗೆ ತೋರಿಸಲು' ಅನ್ನುತ್ತಾರೆ. ಆಮದು ನಿಜವಾಗಿ ನಿಲ್ಲುವತ್ತ ಸಾಗಿದ್ದು 1850ರ ಸೆಪ್ಟೆಂಬರ್‌ನ ಇನ್ನೊಂದು ಕಾನೂನಿನಿಂದ. ಆ ವ್ಯಾಪಾರದಲ್ಲಿ ಓಡಾಡುತ್ತಿದ್ದ ಹಣ ಬೇರೆ ದಾರಿ ಹುಡುಕಬೇಕಾಯಿತು. ರಿಯೊದಲ್ಲಿ ಕಂಪನಿಗಳು ಹುಟ್ಟತೊಡಗಿದವು. ಅದೇ ವರ್ಷ ಡಿಸೆಂಬರ್ 2ರಂದು ಪೌಲಾ ಬ್ರಿಟೊ ಕೂಡ ಷೇರುದಾರರನ್ನು ಸೇರಿಸಿ ದೊಡ್ಡ ಮುದ್ರಣ ಕಂಪನಿ ಹಾಕಿದರು. ಹೆಸರು 'ಡಿಸೆಂಬರ್ ಎರಡು'. ಅವರ ಹುಟ್ಟುಹಬ್ಬ. ಚಕ್ರವರ್ತಿ ಎರಡನೇ ಪೆದ್ರೊನ ಹುಟ್ಟುಹಬ್ಬವೂ ಅದೇ ದಿನ! ಯಾರ ಹುಟ್ಟುಹಬ್ಬಕ್ಕೆ ಇಟ್ಟ ಹೆಸರು ಅಂತ ಕೇಳಿದರೆ, ಎದುರಿಗೆ ಯಾರಿದ್ದಾರೆ ನೋಡಿ ಉತ್ತರ ಕೊಡುತ್ತಿದ್ದರೇನೋ. ಚಕ್ರವರ್ತಿಯೂ ಷೇರು ತೆಗೆದುಕೊಂಡ.

ಗುಲಾಮರಿದ್ದ ಊರಿನಲ್ಲಿ, ಗುಲಾಮಗಿರಿಯಿಂದ ಬಂದ ಕುಲದವರೊಬ್ಬರು ಚಕ್ರವರ್ತಿಯಿಂದ ಷೇರು ಹಣ ಎತ್ತಿದರು. ಅವರನ್ನು ಬರೀ ಹೋರಾಟಗಾರ ಅಂತ ಚಿತ್ರಿಸಲು ನನಗೆ ಮನಸ್ಸಿಲ್ಲ. ಯೌವನದಲ್ಲಿ ಬಿಸಿರಕ್ತದ ಉದಾರವಾದಿಗಳ ಜೊತೆ ಇದ್ದರು, ಆಮೇಲೆ ಕನ್ಸರ್ವೇಟಿವ್ ಪಕ್ಷದ ಕಡೆ ವಾಲಿದರು. ಸಂಬಳ ಕೊಡಬೇಕಿತ್ತು, ಕಾಗದದ ಸಾಲ ತೀರಿಸಬೇಕಿತ್ತು.

ಸಂಜೆ ಲಿವ್ರಮೆಂಟೊ ಗುಡ್ಡದ ಬುಡಕ್ಕೆ ಹೋದೆ. 1839ರಲ್ಲಿ ಮಷಾದೊ ಹುಟ್ಟಿದ್ದು ಅಲ್ಲಿ. ತಂದೆ ಗೋಡೆಗೆ ಬಣ್ಣ ಬಳಿಯುವವ, ಬಿಡುಗಡೆಯಾದ ಗುಲಾಮರ ಮಗ. ಹದಿನೈದರ ಆ ಹುಡುಗ 1855ರ ಜನವರಿಯಲ್ಲಿ ಬರೆದ ಪದ್ಯಗಳನ್ನು ಪೌಲಾ ಬ್ರಿಟೊ ತಮ್ಮ ಪತ್ರಿಕೆ 'ಮರ್ಮೋತಾ'ದಲ್ಲಿ ಹಾಕಿದರು. ಮೂರು ವರ್ಷದ ಮೇಲೆ ಪ್ರೂಫ್ ತಿದ್ದುವ ಕೆಲಸವನ್ನೂ ಕೊಟ್ಟರು. ಗುಡ್ಡದ ಬುಡದಿಂದ ಚೌಕಕ್ಕೆ ನಾನು ನಡೆದೇ ವಾಪಸಾದೆ. ಮಧ್ಯೆ ಒಂದು ಕಾಫಿ ಕುಡಿದೂ ಮುಕ್ಕಾಲು ಗಂಟೆ ಹಿಡಿಯಲಿಲ್ಲ.

ನಾಲ್ಕನೇ ದಿನ, ಶುಕ್ರವಾರ

ಬೆಳಿಗ್ಗೆ ಪೋರ್ಚುಗೀಸ್ ವಾಚನಾಲಯ ನೋಡಿದೆ. ಮೂರು ಅಂತಸ್ತು ಎತ್ತರದ ಕೆತ್ತನೆಯ ಕಪಾಟುಗಳು. ಒಳಗೆ ಓದುವವರು ಮೂವರು, ಫೋಟೊ ತೆಗೆಯುವವರು ಮೂವತ್ತು. ನಾನೂ ಮೂವತ್ತರಲ್ಲಿ ಒಬ್ಬಳು. ಕಟ್ಟಡ ಪೌಲಾ ಬ್ರಿಟೊ ತೀರಿಕೊಂಡ ಮೇಲಿನದು, ಹಾಗಾಗಿ ಬೇಗ ಹೊರಬಿದ್ದೆ.

ರಾಷ್ಟ್ರೀಯ ಗ್ರಂಥಾಲಯಕ್ಕೆ ಹೋಗಿದ್ದು ಒಂದು ಪತ್ರಿಕೆಯ ಸಲುವಾಗಿ. ಅವರ ಹಳೇ ಪತ್ರಿಕೆಗಳ ಸಂಗ್ರಹ ಇಂಟರ್‌ನೆಟ್‌ನಲ್ಲೇ ಇದೆ, ಅಂಕೋಲೆಯಲ್ಲಿ ಕೂತೂ ನೋಡಬಹುದು. ಆದರೂ ಆ ಕಟ್ಟಡದ ಮೆಟ್ಟಿಲ ಮೇಲೆ ಕೂತು ಫೋನಿನಲ್ಲಿ ತೆರೆದು ನೋಡಿದೆ. ಹುಚ್ಚು ಅನ್ನಿ.

'ಓ ಓಮೆಮ್ ದೆ ಕೋರ್'. ಅಂದರೆ 'ಬಣ್ಣದ ಮನುಷ್ಯ'. ಮೊದಲ ಸಂಚಿಕೆ 1833ರ ಸೆಪ್ಟೆಂಬರ್ 14. ಬ್ರೆಜಿಲ್‌ನಲ್ಲಿ ಕರಿಯರ ಪರವಾಗಿ ಬಂದ ಮೊದಲ ಪತ್ರಿಕೆ ಅಂತ ಇದನ್ನೇ ಎಣಿಸುತ್ತಾರೆ. ಅಚ್ಚಾಗಿದ್ದು ಪೌಲಾ ಬ್ರಿಟೊ ಪ್ರೆಸ್ಸಿನಲ್ಲಿ. ಮೂರನೇ ಸಂಚಿಕೆಯಿಂದ ಹೆಸರಿಗೆ 'ಮುಲಾಟೊ', ಅಂದರೆ ಕರಿಯ-ಬಿಳಿಯ ಬೆರೆತ ಕುಲದವ, ಅನ್ನುವ ಪದ ಸೇರಿತು, ಐದು ಸಂಚಿಕೆಗೆ ನಿಂತಿತು.

ನಾನು ತುಂಬಾ ಹೊತ್ತು ನೋಡಿದ್ದು ತಲೆಬರಹವನ್ನು. ಪತ್ರಿಕೆಯ ಹೆಸರಿನ ಜೊತೆ ಎರಡು ಹೇಳಿಕೆಗಳನ್ನು ಪಕ್ಕಪಕ್ಕದಲ್ಲಿ ಜೋಡಿಸಿದ್ದಾರೆ. ಒಂದು ಸಂವಿಧಾನದ 179ನೇ ವಿಧಿ: ಪ್ರತಿಭೆ ಮತ್ತು ಗುಣ ಬಿಟ್ಟು ಬೇರೆ ಯಾವ ಭೇದವೂ ಇಲ್ಲದೆ ಯಾವ ಪ್ರಜೆಯನ್ನೂ ಸರ್ಕಾರಿ ಹುದ್ದೆಗೆ ತೆಗೆದುಕೊಳ್ಳಬಹುದು. ಇನ್ನೊಂದು ಪೆರ್ನಾಂಬುಕೊ ಪ್ರಾಂತದ ಆಡಳಿತಗಾರನ ಮಾತು: ಬ್ರೆಜಿಲ್‌ನ ಜನ ಬೇರೆ ಬೇರೆ ವರ್ಗದವರು, ಕಾನೂನು ಅವರನ್ನು ಬೆರೆಸಲು ಹೊರಟರೂ ಆಗುವುದಿಲ್ಲ. ನಡುವೆ ಟೀಕೆಯಿಲ್ಲ, ಟಿಪ್ಪಣಿಯಿಲ್ಲ. ಎರಡನ್ನೂ ಎದುರುಬದುರು ಕೂರಿಸಿ ಬಿಟ್ಟಿದ್ದಾರೆ. ಇದು ಲೇಖಕನ ಬುದ್ಧಿಯೋ ಮೊಳೆ ಜೋಡಿಸುವವನ ಬುದ್ಧಿಯೋ? ನನಗಂತೂ ಎರಡನೆಯದು ಅನ್ನಿಸಿತು. ಪುಟದಲ್ಲಿ ಯಾವುದರ ಪಕ್ಕ ಯಾವುದು ಬಂದರೆ ಏನಾಗುತ್ತದೆ ಅನ್ನುವುದು ಕೇಸಿನ ಮುಂದೆ ನಿಂತವರಿಗೆ ಗೊತ್ತಿರುತ್ತದೆ. ಸಂತಾಪ ಸೂಚನೆಯ ಪಕ್ಕ ಲಾಟರಿ ಜಾಹೀರಾತು ಬರಬಾರದು ಅಂತ ಅಪ್ಪ ಪುಟ ಬಿಚ್ಚಿ ಮತ್ತೆ ಕಟ್ಟಿದ್ದನ್ನು ನಾನೇ ನೋಡಿದ್ದೇನೆ.

ಆ ವರ್ಷದ ಡಿಸೆಂಬರ್‌ನಲ್ಲಿ ಊರಲ್ಲಿ ಗಲಭೆಯಾಯಿತು. ಗುಂಪು ಪೌಲಾ ಬ್ರಿಟೊ ಅಂಗಡಿ ಮೇಲೂ ಬಿತ್ತು. ಮದುವೆಯಾದ ವರ್ಷ ಅದು. ಅಂಗಡಿ ಮುಚ್ಚಲಿಲ್ಲ.

ಅದಕ್ಕೂ ಮೊದಲು, 1832ರಲ್ಲೇ, ಹೆಂಗಸರಿಗಾಗಿ ಒಂದು ಪತ್ರಿಕೆ ಶುರು ಮಾಡಿದ್ದರು. 'ಸಿಂಪ್ಲೀಸಿಯೊನ ಹೆಂಡತಿ' ಅಂತ ಹೆಸರು. ಹೆಂಗಸಿನ ದನಿಯಲ್ಲಿ ರಾಜಕೀಯ, ಅದೂ ಪದ್ಯದಲ್ಲಿ. ಬಿಟ್ಟು ಬಿಟ್ಟು 1846ರವರೆಗೂ ಬಂತು. ಅಕ್ಕನಿಂದ ಅಕ್ಷರ ಕಲಿತವರು ಹೆಂಗಸರನ್ನು ಓದುಗರು ಅಂತ ಎಣಿಸಿದ್ದರಲ್ಲಿ ಆಶ್ಚರ್ಯವಿಲ್ಲ ಅಂತ ನಾನು ಅಂದುಕೊಂಡೆ. ಅಪ್ಪನ ಲೆಕ್ಕ ಬೇರೆ. "ಹೆಂಗಸ್ರು ಓದಿದ್ರೆ ಗಿರಾಕಿ ಡಬ್ಬಲ್ ಆತದೆ. ಅವ ವ್ಯಾಪಾರಿ" ಅಂದರು. ಇಬ್ಬರ ಮಾತೂ ಇರಬಹುದು. 'ಮರ್ಮೋತಾ'ದ ಜೊತೆ ಪ್ಯಾರಿಸ್ ಫ್ಯಾಶನ್ ಚಿತ್ರಗಳನ್ನೂ ಕೊಡುತ್ತಿದ್ದರು. ಹಾಡೂ ಬರೆಯುತ್ತಿದ್ದರು. ಅವರ ಒಂದು ತುಂಟ ಹಾಡಿಗೆ ರಾಗ ಹಾಕಿದ್ದು ಬ್ರೆಜಿಲ್ ರಾಷ್ಟ್ರಗೀತೆಗೆ ರಾಗ ಹಾಕಿದ ಫ್ರಾನ್ಸಿಸ್ಕೊ ಮನುವೆಲ್ ದ ಸಿಲ್ವ.

ಪುಸ್ತಕಗಳ ಪಟ್ಟಿ ನೋಡಿದರೆ ಬ್ರೆಜಿಲ್ ಸಾಹಿತ್ಯದ ಅರ್ಧ ಹಾಜರಿ ಅಲ್ಲೇ ಸಿಗುತ್ತದೆ. ಮಾರ್ತಿನ್ಸ್ ಪೆನಾನ ಪ್ರಹಸನಗಳು, ಗೊನ್ಸಾಲ್ವೆಸ್ ದಿಯಾಸ್‌ನ ಕವಿತೆಗಳು, ಕಾಸಿಮಿರೊ ದೆ ಅಬ್ರೆವುನ ಒಂದೇ ಸಂಕಲನ. 1843ರಲ್ಲಿ ತೆಶೇರ ಇ ಸೋಜ ಎಂಬಾತನ ಕಾದಂಬರಿ. ಬ್ರೆಜಿಲ್‌ನ ಮೊದಲ ಕಾದಂಬರಿ ಅಂತ ಹಲವರು ಹೇಳುವುದು ಅದನ್ನೇ. ಆತನೂ ಆಫ್ರಿಕನ್ ಮೂಲದವ, ಬಡಗಿ ಕೆಲಸ ಮಾಡಿಕೊಂಡಿದ್ದವ. ಅದಕ್ಕೂ ಮುಂಚೆ ಅಲ್ಲಿನ ಪುಸ್ತಕದಂಗಡಿಗಳಲ್ಲಿ ಹೆಚ್ಚಾಗಿ ಸಿಗುತ್ತಿದ್ದುದು ಪ್ಯಾರಿಸ್, ಲಿಸ್ಬನ್‌ನಿಂದ ಬಂದ ಮಾಲು. ಇದೇ 1843ರಲ್ಲಿ ನಮ್ಮ ಮಂಗಳೂರಿನಲ್ಲಿ ಮೋಗ್ಲಿಂಗ್ ಅವರ 'ಮಂಗಳೂರ ಸಮಾಚಾರ' ಕಲ್ಲಚ್ಚಿನಲ್ಲಿ ಹೊರಬಂದಿತ್ತು.

ಸಂಜೆ ಸಾಹಿತ್ಯ ಅಕಾಡೆಮಿಯ ಮುಂದೆ ಮಷಾದೊ ಕುರ್ಚಿಯ ಮೇಲೆ ಕಂಚಿನಲ್ಲಿ ಕೂತಿದ್ದ. 1897ರಲ್ಲಿ ಅಕಾಡೆಮಿ ಶುರುವಾದಾಗ ಅವನೇ ಮೊದಲ ಅಧ್ಯಕ್ಷ. ಪ್ರೂಫ್ ತಿದ್ದುವ ಹುಡುಗನಿಗೆ ಪ್ರತಿಮೆ ಸಿಕ್ಕಿತು, ಅಲ್ವಾ? ಅಂಗಡಿಯವರಿಗೆ ನನ್ನ ದಾರಿಯಲ್ಲಿ ಒಂದು ಫಲಕವೂ ಸಿಗಲಿಲ್ಲ.

ಐದನೇ ದಿನ, ಶನಿವಾರ

ಕಂಪನಿಯ ಕತೆ ಹೇಳುವುದು ಬಾಕಿ ಇತ್ತು. ಅದು ಬಾಳಲಿಲ್ಲ. ಹೊಸ ಯಂತ್ರ, ಜಾಸ್ತಿ ಜನ, ಜಾಸ್ತಿ ಸಾಲ. 1857ರಲ್ಲಿ ದಿವಾಳಿ. 'ಚಕ್ರವರ್ತಿ ಮನೆತನದ ಮುದ್ರಕ' ಅನ್ನುವ ಬಿರುದು ಸಾಲಗಾರರ ಮುಂದೆ ನಡೆಯಲಿಲ್ಲ. ಪೌಲಾ ಬ್ರಿಟೊ ಮತ್ತೆ ಸಣ್ಣ ಪ್ರೆಸ್ಸು ಇಟ್ಟುಕೊಂಡು ಅದೇ ಚೌಕದಲ್ಲಿ ಕೂತರು. 'ಮರ್ಮೋತಾ' ನಿಲ್ಲಿಸಲಿಲ್ಲ. ಮಷಾದೊನ ಮೊದಲ ಎರಡು ಪುಟ್ಟ ಪುಸ್ತಕಗಳನ್ನು 1861ರಲ್ಲಿ ಅಚ್ಚು ಹಾಕಿದ್ದು ದಿವಾಳಿಯಾದ ಈ ಮನುಷ್ಯನೇ. ಅದೇ ವರ್ಷ ಡಿಸೆಂಬರ್ 15ರಂದು ತೀರಿಕೊಂಡರು. ವಯಸ್ಸು 52. ಚೌಕದಲ್ಲಿ ಪೆದ್ರೊನ ಕುದುರೆ ನಿಲ್ಲಲು ಇನ್ನು ಮೂರೂವರೆ ತಿಂಗಳಿತ್ತು. ರುಫೀನಾ ಕೆಲವು ವರ್ಷ ಪ್ರೆಸ್ಸು ನಡೆಸಿದರು.

ಕೊನೆಗಾಲದಲ್ಲಿ ಅವರ ಮನೆ ಇದ್ದಿದ್ದು ಕಾಂಪೊ ದೆ ಸಂತಾನಾದ ಹತ್ತಿರ. ಈಗ ಅದೊಂದು ಪಾರ್ಕು. ಕುತಿಯಾ ಅಂತ ಒಂದು ಪ್ರಾಣಿ, ಬಾಲವಿಲ್ಲದ ದೊಡ್ಡ ಇಲಿಯಂತೆ, ಗುಂಪು ಗುಂಪಾಗಿ ಹುಲ್ಲಿನಲ್ಲಿ ಓಡಾಡುತ್ತಿರುತ್ತದೆ. ಒಂದು ನನ್ನ ಚಪ್ಪಲಿ ಮೂಸಿತು. ಹಿಂಗಾಲ ಮೇಲೆ ಕೂತು, ಎರಡೂ ಕೈಯಲ್ಲಿ ಏನನ್ನೋ ಹಿಡಿದು ತಿರುಗಿಸಿ ತಿರುಗಿಸಿ ತಿನ್ನುತ್ತದೆ. ಅರ್ಧ ಗಂಟೆ ಅದನ್ನೇ ನೋಡಿದೆ.

ಶನಿವಾರ ಹದಿನೈದನೇ ನವೆಂಬರ್ ಚೌಕದಲ್ಲಿ ಹಳೇ ಸಾಮಾನಿನ ಸಂತೆ. ತಟ್ಟೆ, ಗ್ರಾಮಾಫೋನು, ಗೊಂಬೆಯ ತಲೆ, ಯಾರದೋ ಮದುವೆ ಫೋಟೊ. ಮಾರುವವರ ಮಾತಿನಲ್ಲಿ ಮೇಜು, ಚಾವಿ, ಬಟಾಟೆಯ ನೆಂಟರೆಲ್ಲಾ ಕಿವಿಗೆ ಬೀಳುತ್ತಿದ್ದರು. ಮೆಜಾ, ಶಾವಿ, ಬತಾತಾ. ಒಬ್ಬ ಮುದುಕನ ಬಟ್ಟೆಯ ಮೇಲೆ, ಬೀಗದ ಕೈಗಳ ಪಕ್ಕ, ಒಂದು ಬಿಸ್ಕತ್ತಿನ ಡಬ್ಬಿ. ಅದರೊಳಗೆ ಸೀಸದ ಮೊಳೆಗಳು!

ಕೈ ಹಾಕಿದೆ. ಆ ತೂಕ, ಆ ತಣ್ಣಗಿನ ಸ್ಪರ್ಶ, ಬೆರಳಿಗೆ ಹತ್ತುವ ಬೂದು ಬಣ್ಣ. ನಮ್ಮಲ್ಲಿ ಒತ್ತಕ್ಷರ, ಕಾಗುಣಿತ ಎಲ್ಲ ಸೇರಿ ಕೇಸಿನ ತುಂಬಾ ಮನೆಗಳಿರುತ್ತಿದ್ದವು. ಇವರದು ಸುಲಭ. ಬಾಲವಿರುವ ಸಿ, ಟೋಪಿ ಹಾಕಿದ ಎ ಅಂತ ಕೆಲವು ಮಾತ್ರ ಹೆಚ್ಚುವರಿ. ಟೋಪಿ ಹಾಕಿದ ಎ ಒಂದನ್ನು ಆರಿಸಿ ಬೆಲೆ ಕೇಳಿದೆ. ಮುದುಕ ಹೇಳಿದ ಬೆಲೆ ಕೇಳಿ ವಾಪಸ್ ಇಟ್ಟೆ. ಅವನು ನಕ್ಕು, ಡಬ್ಬಿ ಕೆದಕಿ ಇನ್ನೊಂದು ಮೊಳೆ ತೆಗೆದು, ಸುಮ್ಮನೆ ನನ್ನ ಅಂಗೈಲಿಟ್ಟ. 'ಕೆ' ಅಕ್ಷರ. ಪೋರ್ಚುಗೀಸಿನಲ್ಲಿ ಅದಕ್ಕೆ ಕೆಲಸ ಕಡಿಮೆ, ಯಾರೂ ಕೇಳುವುದಿಲ್ಲ ಅಂತ ಕೈಸನ್ನೆಯಲ್ಲೇ ಹೇಳಿದ. ದುಡ್ಡು ತೆಗೆದುಕೊಳ್ಳಲಿಲ್ಲ.

ಒಂದು ಅಂಗಡಿಯಲ್ಲಿ ಚಾಪುಡಿ ಪೊಟ್ಟಣ ಕೊಂಡೆ. ಅವರು ಚಹಾಕ್ಕೆ 'ಶಾ' ಅನ್ನುತ್ತಾರೆ. ರಾತ್ರಿ ಬಸ್ಸು ಹಿಡಿದು ಸಾವೊ ಪಾಲೊ.

ಹತ್ತು ದಿನದ ಮೇಲೆ ಅಂಕೋಲೆಗೆ ಹೋದೆ. ಅಪ್ಪ ಮೊದಲು ಚಾಪುಡಿ ಮೂಸಿದರು. "ನಮ್ದೇ ಅಡ್ಡಿಲ್ಲ" ಅಂತ ಪಕ್ಕಕ್ಕಿಟ್ಟರು. ಮೊಳೆ ಕೊಟ್ಟೆ. ಕನ್ನಡಕ ಹುಡುಕಲಿಲ್ಲ. ಹೆಬ್ಬೆರಳಿನಿಂದ ಅದರ ಹೊಟ್ಟೆಯ ಗೀರು ಸವರಿ, ಮೊಳೆ ತಿರುಗಿಸಿ ಸರಿಯಾಗಿ ಹಿಡಿದರು. ಮೊಳೆ ಜೋಡಿಸುವ ಸ್ಟಿಕ್ಕಿನಲ್ಲಿ ಕೂರಿಸುವಾಗ ಹಿಡಿಯುವಂತೆಯೇ. ಆಮೇಲೆ ತೋರುಬೆರಳ ತುದಿಯನ್ನು ಅಕ್ಷರದ ಮುಖದ ಮೇಲೆ ಎರಡು ಸಲ ಎಳೆದರು.

"ಸವದಿಲ್ಲ ತಂಗೀ. ಇದ್ಕೆ ಕೆಲ್ಸನೇ ಕೊಟ್ಟಿಲ್ಲ ಅವ್ರು" ಅಂದು, ಮೇಜಿನ ಡ್ರಾವರ್ ಎಳೆದು ಮಸಿಯ ಡಬ್ಬಿ ಹುಡುಕತೊಡಗಿದರು.